ವಾರ್ಸಿನಿ ಬರೆದ ಸಾವಿನ ಹಕ್ಕಿ

ನನ್ನ ದೊಡ್ಡಪ್ಪನ ಮಗಳು, ನನ್ನಕ್ಕ ವಾರ್ಸಿನಿ ಶುದ್ಧ ಸೋಮಾರಿ ಎಂದು ಕಡಲತೀರದ ಊರು ಲಾಸೆಮ್‌ನ ನಮ್ಮ ಬೀದಿಯವರು ಹದಿನಾಲ್ಕು ವರ್ಷ ಆಡಿಕೊಂಡರು. ಹಾಗೆ ಆಡಿಕೊಂಡವರ ಹೆಸರೆಲ್ಲ ನನಗೆ ನೆನಪಿದೆ. ನಾನು ಕ್ಷಮಿಸುವವರ ಪೈಕಿ ಅಲ್ಲ, ನನ್ನಕ್ಕನೂ ಅಲ್ಲ. ಅವರಲ್ಲೆಲ್ಲ ಹೆಚ್ಚು ಆಡಿಕೊಂಡವಳು ಬಾಟಿಕ್ ಅಂಗಡಿಯ ಯಜಮಾನಿ ರೆತ್ನಾನಿ. ಅವಳಿಗೆ ನನ್ನಕ್ಕ ಏನು ಮಾಡಿದಳೆಂಬುದನ್ನು ಈಗ ಹೇಳುತ್ತೇನೆ.

ಮೂವತ್ತೊಂದನೆಯ ವಯಸ್ಸಿನಲ್ಲಿ ವಾರ್ಸಿನಿಗೆ ವಿಷಮಶೀತ ಜ್ವರ ಬಂತು. ಜ್ವರ ಹೋಯಿತು, ಸುಸ್ತು ಉಳಿಯಿತು. ಬಾವಿಯಿಂದ ಒಂದು ಕೊಡ ನೀರು ತಂದರೆ ಎರಡು ದಿನ ಹಾಸಿಗೆ. ತಲೆ ಸ್ನಾನ ಮಾಡಿದರೆ ಒಂದು ದಿನ. ನಿದ್ದೆ ಮಾಡಿ ಎದ್ದರೂ ರಾತ್ರಿಯಿಡೀ ಭತ್ತ ಕುಟ್ಟಿದವಳ ಹಾಗೆ ಕೈಕಾಲು ಬಿದ್ದುಹೋಗಿರುತ್ತಿದ್ದವು. ಆಸ್ಪತ್ರೆಯಲ್ಲಿ ರಕ್ತ ಪರೀಕ್ಷಿಸಿ ಎಲ್ಲ ಸರಿಯಾಗಿದೆ ಅಂದರು. ಅವಳ ಅತ್ತೆ ಬೆನ್ನಿಗೆ ಎಣ್ಣೆ ಹಚ್ಚಿ, ನಾಣ್ಯದಿಂದ ಕೆಂಪು ಬರೆ ಏಳುವಂತೆ ಗೀಚುವ ನಮ್ಮ ಕಡೆಯ ಮನೆಮದ್ದು ಮಾಡಿದಳು. ಅರಿಶಿನ, ಹುಣಸೆಯ ಕಷಾಯ ಕುಡಿಸಿದಳು. ಏನೂ ಆಗದಿದ್ದಾಗ "ಇದು ಕಾಯಿಲೆಯಲ್ಲ, ಕಳ್ಳಾಟ" ಎಂದು ತೀರ್ಪು ಕೊಟ್ಟು ತವರಿಗೆ ಕಳಿಸಿದಳು. ಗಂಡ ಎನಿಸಿಕೊಂಡವನು ಅವಳ ಬಟ್ಟೆಗಂಟನ್ನು ತಾನೇ ಹೊತ್ತು ತಂದು ನಮ್ಮ ಜಗಲಿಯ ಮೇಲಿಟ್ಟು ಹೋದ. ನನ್ನ ಪಟ್ಟಿಯಲ್ಲಿ ಅವನ ಹೆಸರೂ ಇದೆ.

ಬಿದಿರಿನ ಮಂಚವನ್ನು ಕಿಟಕಿಗೆ ಒತ್ತಿ ಹಾಕಿಕೊಟ್ಟೆ. ಕಿಟಕಿಯಾಚೆ ದಾಸವಾಳದ ಬೇಲಿ, ಬೇಲಿಯಾಚೆ ನುಗ್ಗೆ ಮರ. ಅಲುಗಾಡದೆ ಮಲಗಿದವಳನ್ನು ಹಕ್ಕಿಗಳು ಕೆಲವೇ ವಾರಗಳಲ್ಲಿ ಮನುಷ್ಯರ ಲೆಕ್ಕದಿಂದ ಬಿಟ್ಟುಬಿಟ್ಟವು. ಸೂರಕ್ಕಿ ಕಿಟಕಿಯ ಸರಳಿನ ಮೇಲೆ ಕೂತು ಕೊಕ್ಕು ಒರೆಸಿಕೊಳ್ಳುತ್ತಿತ್ತು. ಪ್ರೆಂಜಾಕ್ ಎಂಬ ಹೆಬ್ಬೆರಳಿನಷ್ಟು ಹಕ್ಕಿ ಬೇಲಿಯಲ್ಲೇ ಗೂಡು ಕಟ್ಟಿತು. ಅದು ಮನೆಯೆದುರು ಕೂಗಿದರೆ ನೆಂಟರು ಬರುತ್ತಾರೆ ಎನ್ನುತ್ತೇವೆ. ನಮ್ಮನೆಗೆ ಯಾರೂ ಬರಲಿಲ್ಲ, ಆದರೆ ಹಕ್ಕಿ ಕೂಗುವುದನ್ನು ಬಿಡಲಿಲ್ಲ. ದುರ್ಬೀನು ತೂಗುಹಾಕಿಕೊಂಡು ಹಕ್ಕಿ ನೋಡಲು ಭಾನುವಾರ ಸಮುದ್ರದಂಡೆಗೆ ಬರುವವರು ವರ್ಷವಿಡೀ ತಿರುಗಾಡಿದರೂ ಕಾಣದಷ್ಟನ್ನು ವಾರ್ಸಿನಿ ಮಲಗಿದಲ್ಲೇ ನೋಡಿದಳು.

ನೋಡಿದ್ದನ್ನು ಹಳೆಯ ಕ್ಯಾಲೆಂಡರಿನ ಹಿಂಬದಿಗೆ ಪೆನ್ಸಿಲಿನಲ್ಲಿ ಬರೆದಳು. ಆಮೇಲೆ ಬಟ್ಟೆಯ ಮೇಲೆ ಮೇಣದಲ್ಲಿ. ಮೇಣ ಕೂತ ಜಾಗಕ್ಕೆ ಬಣ್ಣ ಹಿಡಿಯದೆ ಚಿತ್ರ ಮೂಡುವುದೇ ಬಾಟಿಕ್. ನಾನು ಒಲೆಯ ಮೇಲೆ ಮೇಣ ಕಾಯಿಸಿಡುತ್ತಿದ್ದೆ. ಅವಳು ತಾಮ್ರದ ಕೊಳವೆಯ ಲೇಖನಿ ಅದ್ದಿ, ಮೂತಿಗೆ ಉಫ್ ಎಂದು ಊದಿ, ಏಳು ಗೆರೆ ಎಳೆಯುತ್ತಿದ್ದಳು. ಏಳಾದ ಮೇಲೆ ಮಲಗುವುದು. ಎಂಟನೆಯದಕ್ಕೆ ಕೈ ನಡುಗಿ ಮೇಣ ತೊಟ್ಟಿಕ್ಕುತ್ತಿತ್ತು. ಬೇರೆಯವರು ಎರಡು ತಿಂಗಳಲ್ಲಿ ಮುಗಿಸುವ ಬಟ್ಟೆ ಅವಳಿಗೆ ಒಂದು ವರ್ಷ. ಆದರೆ ಅವಳ ಹಕ್ಕಿ ಈಗ ಹಾರಿಹೋದೀತು ಅನ್ನಿಸುವ ಹಾಗಿರುತ್ತಿತ್ತು.

ಆ ಬಟ್ಟೆಗಳನ್ನೆಲ್ಲ ಕೊಳ್ಳುತ್ತಿದ್ದವಳು ರೆತ್ನಾನಿ. ನಮ್ಮಲ್ಲಿ ಬಟ್ಟೆಯ ಮೂಲೆಯಲ್ಲಿ ಯಜಮಾನಿಯ ಹೆಸರು ಬರೆಯುವ ಪದ್ಧತಿ. ಅದನ್ನೂ ಬರೆಯುವವಳ ಕೈಯಲ್ಲೇ, ಮೇಣದಲ್ಲೇ ಬರೆಸುತ್ತಾರೆ. ಏಳು ಗೆರೆಯ ತ್ರಾಣದಲ್ಲಿ ಮೂರು ಗೆರೆ ಆ ಹೆಸರಿಗೇ ಹೋಗುತ್ತಿತ್ತು. ಪದ್ಧತಿ ಎಂದು ಸುಮ್ಮನಿದ್ದೆವು. ಆದರೆ ರೆತ್ನಾನಿ ಅಷ್ಟಕ್ಕೇ ನಿಲ್ಲಲಿಲ್ಲ. ಹಕ್ಕಿಗಳನ್ನು ನೋಡಿದ್ದೂ ತಾನೇ, ಬರೆದದ್ದೂ ತಾನೇ ಎಂದು ಪೇಪರಿನವರಿಗೆ ಹೇಳತೊಡಗಿದಳು. ಗುಬ್ಬಚ್ಚಿಗೂ ಕೋಳಿಮರಿಗೂ ವ್ಯತ್ಯಾಸ ತಿಳಿಯದ ಹೆಂಗಸು!

ಒಂದು ದಿನ ವಾರ್ಸಿನಿ ಸೈಕಲ್ ರಿಕ್ಷಾದಲ್ಲಿ ನನ್ನ ಜೊತೆ ಅಂಗಡಿಗೆ ಬಂದಳು. ಗಿರಾಕಿಗಳು ತುಂಬಿದ್ದರು.

"ಬು, ಒಂದು ಮಾತು ಕೇಳ್ಲಾ?" ಅಂದಳು. ಯಜಮಾನಿಗೆ ಹಾಗೆಯೇ ಅನ್ನಬೇಕು, ಅಮ್ಮ ಅಂದಂತೆ. "ನಿಮ್ಮ ಹೆಸರಿನ ಕೆಳಗೆ ನನ್ನ ಹೆಸರೂ ಹಾಕ್ಲಾ? ಚಿಕ್ಕದಾಗಿ ಸಾಕು."

ರೆತ್ನಾನಿ ಗಿರಾಕಿಗಳ ಕಡೆ ತಿರುಗಿ ನಕ್ಕಳು. "ಕೇಳಿದ್ರಾ ಇವಳ ಆಸೆ! ಅಲ್ವೇ ವಾರ್ಸಿ, ಯಾವಾಗ್ಲೂ ಮಲಗೇ ಇರೋರ ಹೆಸರನ್ನ ಬಟ್ಟೆ ಮೇಲೆ ಯಾರಾದ್ರೂ ಬರೀತಾರಾ? ಗೋರಿ ಕಲ್ಲಿನ ಮೇಲೆ ಬರೀತಾರೆ."

ಗಿರಾಕಿಗಳೂ ನಕ್ಕರು. ವಾರ್ಸಿನಿಯೂ ನಕ್ಕಳು. ನನಗೆ ಮೈಯೆಲ್ಲ ಉರಿದುಹೋಯಿತು.

ರಿಕ್ಷಾ ಹತ್ತಿದ ಮೇಲೆ ಅವಳು ನನ್ನ ಭುಜಕ್ಕೆ ಒರಗಿದಳು. "ಕಾಸ್ತಿ, 'ಈ ಹಕ್ಕಿಗಳು ನಂದಲ್ಲ' ಅಂತ ಅವಳ ಬಾಯಿಂದಾನೇ ಹೇಳಿಸ್ತೀನಿ. ಹೀಗೇ, ಜನರ ಮುಂದೆ."

"ಹೇಗೆ ಯು?" ಅಂದೆ. ಅಕ್ಕನನ್ನು ನಾನು ಕರೆಯುವುದು ಹಾಗೆ.

"ಮೊದಲು ಮಲಗ್ತೀನಿ," ಅಂದಳು. ಆರು ದಿನ ಮಲಗಿದಳು.

ಏಳನೆಯ ದಿನ ಕೆದಾಸಿ ಹಕ್ಕಿ ಕೂಗಿತು. ಅದರ ದನಿ ನಮ್ಮ ಸೀಮೆಯಲ್ಲಿ ಹಾಲುಗೂಸಿಗೂ ಗೊತ್ತು. ಅಳುತ್ತಾ ಅಳುತ್ತಾ ಇಳಿದುಹೋಗುವ ಸಿಳ್ಳೆ. ಅದು ಕೂಗಿದ ಬೀದಿಯಲ್ಲಿ ಹೆಣ ಏಳುತ್ತದೆ ಎಂದು ಜನ ಕಿಟಕಿ ಮುಚ್ಚುತ್ತಾರೆ. ದನಿ ಕೇಳಿದ ಕೂಡಲೇ ಕಿಟಕಿ ಮುಚ್ಚುವವರಿಗೆ ಹಕ್ಕಿ ಕಾಣುವುದು ಹೇಗೆ? ಆದ್ದರಿಂದ ಅದರ ರೂಪ ಯಾರಿಗೂ ಗೊತ್ತಿಲ್ಲ. ಕಿಟಕಿ ಮುಚ್ಚಲು ಏಳಲಾಗದ ವಾರ್ಸಿನಿಗೆ ಗೊತ್ತಿತ್ತು. ಬೂದು ತಲೆ, ತುಕ್ಕಿನ ಬಣ್ಣದ ಹೊಟ್ಟೆ, ನೋಡಲು ಬಲು ಮುದ್ದು. ಕೋಗಿಲೆಯ ಜಾತಿಯದು, ಗೂಡು ಕಟ್ಟುವ ಅಭ್ಯಾಸವಿಲ್ಲ. ಬೇಲಿಯ ಪ್ರೆಂಜಾಕ್ ಗೂಡಿನಲ್ಲಿ ಮೊಟ್ಟೆಯಿಟ್ಟು ಹೋಯಿತು. ಹುಟ್ಟಿದ ಮರಿ ಗೂಡಿನ ಒಡೆಯರ ಮೊಟ್ಟೆಗಳನ್ನು ಬೆನ್ನಿನಿಂದ ನೂಕಿ ಕೆಡವಿತು. ಆಮೇಲೆ ಗೂಡು ತುಂಬ ಅದೊಂದೇ ಕೂತು ಬಾಯಿ ತೆರೆಯಿತು. ಅದರ ಅರ್ಧದಷ್ಟೂ ಇಲ್ಲದ ಪ್ರೆಂಜಾಕ್ ಬೆಳಗಿನಿಂದ ಸಂಜೆಯವರೆಗೆ ಹುಳ ತಂದು ತುರುಕುತ್ತಿತ್ತು.

ವಾರ್ಸಿನಿ ಅದನ್ನೇ ಬರೆಯಲು ಕೂತಳು. ನಡುವೆ ಗೂಡು, ಮರಿ, ಪ್ರೆಂಜಾಕ್. ಸುತ್ತ ದಾಸವಾಳದ ಕೊಂಬೆಗಳ ಮೇಲೆ ದೊಡ್ಡ ಕೆದಾಸಿಗಳು.

ನನ್ನ ಕೈಯಿಂದ ಮೇಣದ ಸೌಟು ಬಿತ್ತು. "ಯು, ತಲೆ ಕೆಟ್ಟಿದೆಯಾ? ಕೆದಾಸೀನ ಬಟ್ಟೆ ಮೇಲೆ? ಯಾರಾದ್ರೂ ಸತ್ರೆ?"

"ಹದಿನಾಲ್ಕು ವರ್ಷದಿಂದ ನನ್ನ ಕಿಟಕೀಲೇ ಕೂಗ್ತಿದೆ. ನಾನು ಸತ್ತಿದ್ದೀನಾ?"

"ಬೀದಿಯೋರು ಸತ್ತಿದ್ದೀಯ ಅಂತಾನೇ ಅಂದ್ಕೊಂಡಿದ್ದಾರೆ."

ಇಬ್ಬರೂ ಕಣ್ಣಲ್ಲಿ ನೀರು ಬರುವವರೆಗೂ ನಕ್ಕೆವು. ನಕ್ಕದ್ದಕ್ಕೆ ಅವಳು ಮಧ್ಯಾಹ್ನವಿಡೀ ಮಲಗಬೇಕಾಯಿತು.

ಹನ್ನೊಂದು ತಿಂಗಳು ಹಿಡಿಯಿತು. ಕೊನೆಯ ಬಣ್ಣ ಒಣಗುವ ಹೊತ್ತಿಗೆ ರೆತ್ನಾನಿ ತಾನೇ ಬಂದಳು. ಬಟ್ಟೆ ನೋಡಿ ಕೆನ್ನೆಯ ಮೇಲೆ ಕೈಯಿಟ್ಟಳು. "ಅಯ್ಯೋ ಎಷ್ಟು ಮುದ್ದಾಗಿದೆ! ಮರೀಗೆ ಉಣ್ಣಿಸ್ತಿರೋ ತಾಯಿ. ಇದಕ್ಕೆ ತಾಯಿ ಪ್ರೀತಿ ಅಂತಾನೇ ಹೆಸರಿಡ್ತೀನಿ. ಮುಂದಿನ ತಿಂಗಳು ಬಾಟಿಕ್ ಪ್ರದರ್ಶನದಲ್ಲಿ ಜಿಲ್ಲೆಯ ಮುಖ್ಯಸ್ಥರ ಹೆಂಡತಿಗೆ ಹೊದಿಸೋಕೆ ಇದೇ ಸರಿ. ಯಾವ ಹಕ್ಕಿ ಇದು?"

"ಪ್ರೆಂಜಾಕ್, ಬು," ಎಂದು ವಾರ್ಸಿನಿ ಚಿಕ್ಕದನ್ನು ಮುಟ್ಟಿ ತೋರಿಸಿದಳು. ಸುಳ್ಳೇನೂ ಹೇಳಲಿಲ್ಲ. ಉಳಿದವುಗಳ ಬಗ್ಗೆ ರೆತ್ನಾನಿ ಕೇಳಲಿಲ್ಲ. ಮೂಲೆಯಲ್ಲಿ ಅವಳ ಹೆಸರು ಎಂದಿಗಿಂತ ದೊಡ್ಡದಾಗಿತ್ತು. ಅದನ್ನು ಕಂಡು ಇನ್ನಷ್ಟು ಹಿಗ್ಗಿದಳು.

ಪ್ರದರ್ಶನಕ್ಕೆ ಹೋಗಲು ವಾರ್ಸಿನಿ ಮೂರು ವಾರ ಮೈಯ ತ್ರಾಣ ಕೂಡಿಟ್ಟಳು. ಲೇಖನಿ ಮುಟ್ಟಲಿಲ್ಲ, ಮಾತು ಕಡಿಮೆ ಮಾಡಿದಳು, ತಲೆಯನ್ನೂ ನಾನೇ ಬಾಚಿದೆ. ನನ್ನ ಪಾಲಿನ ಕೆಲಸವೊಂದಿತ್ತು. ಸಗಿಮಿನ್ ಎಂಬ ಮುದುಕ ಹಿಂದೆ ಕಾಡಿನಲ್ಲಿ ಬಲೆ ಹಾಕಿ ಹಕ್ಕಿ ಹಿಡಿಯುತ್ತಿದ್ದ, ಈಗ ಹಕ್ಕಿ ಹಾಡಿನ ಪಂದ್ಯಗಳಿಗೆ ತೀರ್ಪುಗಾರ. ನಮ್ಮೂರಿನಲ್ಲಿ ಕೆದಾಸಿಯನ್ನು ಕಣ್ಣಾರೆ ಕಂಡ ಇನ್ನೊಬ್ಬ ಅವನೊಬ್ಬನೇ. ಅವನ ಮನೆಗೆ ಹೋಗಿ, "ತಾತ, ಹಕ್ಕಿ ಬರೆದ ಬಟ್ಟೆ ಇಟ್ಟಿದ್ದಾರೆ, ನೀವು ನೋಡಲೇಬೇಕು" ಎಂದಷ್ಟೇ ಹೇಳಿ ಬಂದೆ.

ಆ ಬೆಳಿಗ್ಗೆ ಸಭಾಂಗಣದ ಮೂರನೆಯ ಸಾಲಿನಲ್ಲಿ ಕೂತೆವು. ಭಾಷಣದ ಮೇಲೆ ಭಾಷಣ. ಸಗಿಮಿನ್ ಬರಲಿಲ್ಲ. ವಾರ್ಸಿನಿಯ ಹಣೆಯಲ್ಲಿ ಬೆವರು, ತುಟಿ ಬಿಳುಚಿತ್ತು, ಕತ್ತು ನಿಲ್ಲುತ್ತಿರಲಿಲ್ಲ.

"ಮನೆಗೆ ಹೋಗೋಣ ಯು," ಅಂದೆ.

"ಅವಳು ಹೇಳೋ ತನಕ ಇಲ್ಲ," ಅಂದಳು.

ರೆತ್ನಾನಿ ಮೈಕು ಹಿಡಿದಳು. ಬಟ್ಟೆಯನ್ನು ಮುಖ್ಯಸ್ಥರ ಹೆಂಡತಿಯ ಹೆಗಲಿಗೆ ಹೊದಿಸಿ, ಜನರಿಗೆ ಕಾಣುವಂತೆ ಸೆರಗು ಹರಡಿದಳು. "ದಿನಾ ಬೆಳಗ್ಗೆ ನಮ್ಮ ಹಿತ್ತಲಲ್ಲಿ ಕೂತು, ಕಣ್ಣಾರೆ ನೋಡಿ ನಾನೇ ಬರೆದದ್ದು. ಒಂದೊಂದು ಗರಿಯೂ ನನ್ನ ಕೈದೇ."

ಅಷ್ಟರಲ್ಲಿ ಹಿಂದಿನ ಬಾಗಿಲಿನಿಂದ ಸಗಿಮಿನ್ ಊರುಗೋಲು ಕುಟ್ಟುತ್ತಾ ಬಂದ. ನೇರವಾಗಿ ವೇದಿಕೆ ಹತ್ತಿ, ಕನ್ನಡಕವನ್ನು ಹಣೆಗೇರಿಸಿ, ಬಟ್ಟೆಗೆ ಮೂಗು ತಾಗುವಷ್ಟು ಬಗ್ಗಿದ.

"ಇದನ್ನ ನೀವೇ ನೋಡಿ ಬರೆದ್ರಾ, ಬು?"

"ನಾನೇ ತಾತ. ದಿನಾ ನಮ್ಮ ಮನೆ ಸೂರಿನ ಮೇಲೇ ಕೂರುತ್ತೆ."

"ನಿಮ್ಮ ಮನೆ ಮೇಲೆ? ದಿನಾ?"

"ಹೂಂ! ಪ್ರೆಂಜಾಕ್ ಅಲ್ವಾ? ನೆಂಟರನ್ನ ಕರೆಯೋ ಹಕ್ಕಿ."

"ಪ್ರೆಂಜಾಕ್ ಈ ಪುಟ್ಟದು. ಮಿಕ್ಕಿದ್ದೆಲ್ಲ ಬೇರೆ," ಎಂದವನೇ ಮುದುಕ ತುಟಿ ಮುಂದೆ ಮಾಡಿ ಸಿಳ್ಳೆ ಹಾಕಿದ. ಅಳುತ್ತಾ ಅಳುತ್ತಾ ಇಳಿದುಹೋಗುವ ಸಿಳ್ಳೆ. ಮೈಕಿನಲ್ಲಿ ಅದು ಸಭಾಂಗಣವಿಡೀ ಕೇಳಿಸಿತು.

ಕುರ್ಚಿಗಳು ಹಿಂದೆ ಸರಿದ ಸದ್ದು ನನ್ನ ಕಿವಿಯಲ್ಲಿ ಇನ್ನೂ ಇದೆ. ಮುಖ್ಯಸ್ಥರ ಹೆಂಡತಿ ಬಟ್ಟೆಯನ್ನು ಹೆಗಲಿನಿಂದ ಕಿತ್ತು ನೆಲಕ್ಕೆ ಬಿಟ್ಟರು. "ಬು ರೆತ್ನಾನಿ, ಏನಿದು? ನನಗೆ ಕೆದಾಸಿ ಹೊದಿಸಿದ್ರಾ? ನಿಮ್ಮ ಕೈಯಾರೆ ಬರೆದು?"

ರೆತ್ನಾನಿಯ ಬಣ್ಣವೆಲ್ಲ ಇಳಿದುಹೋಯಿತು. ತನ್ನ ಮನೆಯ ಸೂರಿನ ಮೇಲೆ ದಿನಾ ಸಾವಿನ ಹಕ್ಕಿ ಕೂರುತ್ತದೆಂದು ಅವಳೇ ಊರಿಗೆಲ್ಲ ಸಾರಿಯಾಗಿತ್ತು.

"ನಾನಲ್ಲ!" ಎಂದು ಚೀರಿದಳು. "ದೇವರಾಣೆ ನಾನಲ್ಲ! ನಾನು ಬರೆದೇ ಇಲ್ಲ! ಅಲ್ಲಿ ಕೂತಿದ್ದಾಳಲ್ಲ ವಾರ್ಸಿನಿ, ಅವಳು ಬರೆದದ್ದು!"

"ಇದೊಂದೇನಾ?" ಎಂದು ಯಾರೋ ಕೂಗಿದರು.

"ಎಲ್ಲಾನೂ! ಅಂಗಡೀಲಿರೋ ಹಕ್ಕಿಯೆಲ್ಲಾ ಅವಳದೇ! ನನಗೆ ಒಂದು ಗೆರೆ ಎಳೆಯೋಕೂ ಬರಲ್ಲ!"

ಎಲ್ಲರೂ ತಿರುಗಿ ನೋಡಿದರು. ವಾರ್ಸಿನಿ ಎದ್ದು ನಿಲ್ಲಲು ನೋಡಿದಳು, ಆಗಲಿಲ್ಲ. ಕೂತಲ್ಲಿಂದಲೇ, "ಹೌದು, ನಂದೇ," ಅಂದಳು. ಅವಳನ್ನು ಎತ್ತಿಕೊಂಡು ಹೊರಗೆ ಬಂದಾಗ ಅವಳ ಮೈ ನಡುಗುತ್ತಿತ್ತು, ಮುಖ ಮಾತ್ರ ಮದುವೆಯ ದಿನದ ಹಾಗಿತ್ತು. ನನಗಂತೂ ಹೊಟ್ಟೆ ತುಂಬಿಹೋಗಿತ್ತು.

ಮರುದಿನ ರೆತ್ನಾನಿಯ ಡ್ರೈವರ್ ಅಕ್ಕಿ ಚೀಲದಲ್ಲಿ ಆ ಬಟ್ಟೆ ತುಂಬಿ ತಂದ. ಅಂಥದ್ದನ್ನು ಮನೆಯಲ್ಲಿಟ್ಟುಕೊಳ್ಳುವ ಎದೆ ಯಾರಿಗಿದೆ? ಚೀಲವನ್ನು ಗೇಟಿನ ಹೊರಗೇ ಇಟ್ಟು ಓಡಿಹೋದ. ವಾರ್ಸಿನಿ ಹತ್ತೊಂಬತ್ತು ದಿನ ಏಳಲಿಲ್ಲ. ಒಂದೊಂದು ದಿನ ಗಂಜಿ ನುಂಗಲೂ ತ್ರಾಣವಿಲ್ಲದೆ ಚಮಚವನ್ನು ತಳ್ಳಿಬಿಡುತ್ತಿದ್ದಳು. ನನಗೆ ಹೆದರಿಕೆಯಾಯಿತು, ಸುಳ್ಳೇಕೆ ಹೇಳಲಿ. ಇಷ್ಟೆಲ್ಲ ಬೇಕಿತ್ತಾ ಎಂದು ಒಮ್ಮೆ ಅನ್ನಿಸಿತು ಕೂಡ.

ಇಪ್ಪತ್ತನೆಯ ದಿನ ಬೆಳಿಗ್ಗೆ ನುಗ್ಗೆ ಮರದಲ್ಲಿ ಕೆದಾಸಿ ಕೂಗಿತು. ಬೀದಿಯ ಕಿಟಕಿಗಳು ಪಟಪಟನೆ ಮುಚ್ಚಿಕೊಂಡವು. ವಾರ್ಸಿನಿ ಕಣ್ಣು ಬಿಟ್ಟಳು.

"ಆ ಬಟ್ಟೆ ಹೊದಿಸು," ಅಂದಳು.

ಚೀಲದಿಂದ ತೆಗೆದು ಹೊದಿಸಿದೆ.

"ಹಾಗಲ್ಲ. ಹೆಸರು ಕಾಲ ಕಡೆಗೆ ಬರಲಿ."

ಮೇಣದಲ್ಲಿ ಬರೆದು ಬಣ್ಣಕ್ಕೆ ಅದ್ದಿದ ಹೆಸರು, ಎಷ್ಟು ಒಗೆದರೂ ಹೋಗುವಂಥದ್ದಲ್ಲ. ಬಟ್ಟೆ ತಿರುಗಿಸಿದೆ. ರೆತ್ನಾನಿ ಎಂಬ ದೊಡ್ಡ ಅಕ್ಷರಗಳು ಅವಳ ಪಾದದ ಹತ್ತಿರ ಬಂದವು.

"ಒಬ್ಬರ ಹೆಸರಿಗೆ ಕಾಲು ತಾಗಿಸೋದು ಪಾಪ ಅಲ್ವಾ, ಯು?" ಅಂದೆ.

"ಪಾಪಾನೇ," ಅಂದಳು. "ಇನ್ನೊಂದು ಸ್ವಲ್ಪ ಮೇಲಕ್ಕೆ ಎಳಿ, ಹಿಮ್ಮಡಿಗೆ ತಾಗ್ತಿಲ್ಲ."