ಅಪ್ಪನ ವೀಸಾದ ಮೇಲೆ

ನಾಲ್ಕು ವರ್ಷದವಳಿದ್ದಾಗ ದುಬೈಗೆ ಬಂದ ನಾನು ಮೂವತ್ತು ದಾಟಿದರೂ ಅಪ್ಪನ ವೀಸಾದ ಮೇಲೆಯೇ ಇದ್ದೆ. ಮದುವೆಯಾಗದ ಮಗಳಿಗೆ ಇಲ್ಲಿ ಅದಕ್ಕೆ ಅವಕಾಶವಿದೆ. ಅಪ್ಪ ಇಲ್ಲಿನ ಸತ್ವಾ ಬಡಾವಣೆಯ ಟೈಲರ್ ಅಂಗಡಿಯಲ್ಲಿ ಕಟಿಂಗ್ ಮಾಸ್ಟರ್. ನಾನು ಡಿಸ್ಕವರಿ ಗಾರ್ಡನ್ಸ್‌ನ ಕ್ಲಿನಿಕ್ಕಿನಲ್ಲಿ ರಿಸೆಪ್ಶನಿಸ್ಟ್. ತಂದೆಯ ವೀಸಾ ಇರುವ ಹುಡುಗಿಯೆಂದರೆ ಕಂಪನಿಗಳಿಗೂ ಖುಷಿ. ವರ್ಕ್ ಪರ್ಮಿಟ್ ಒಂದನ್ನು ಮಾಡಿಸಿದರೆ ಮುಗಿಯಿತು, ವೀಸಾದ ಖರ್ಚಿಲ್ಲ.

ಕಣ್ಣು ಮಂಜಾಗತೊಡಗಿದಾಗ ಅಪ್ಪ, "ಈ ಸಲ ವೀಸಾ ಕ್ಯಾನ್ಸಲ್ ಮಾಡಿಸಿ ಊರಿಗೆ ಹೋಗುವುದಾ ಮಗಾ?" ಎಂದು ಕೇಳಿದರು. ಅವರ ವೀಸಾ ಹೋದರೆ ನನ್ನದೂ ಹೋಗುತ್ತದೆ. "ಇನ್ನೊಂದು ಸಲ ರಿನ್ಯೂ ಮಾಡಿಸುವಾ ಅಪ್ಪ" ಎಂದೆ. ಎರಡು ವರ್ಷ ಕಳೆದ ಮೇಲೆ ಮತ್ತೆ ಅದೇ ಪ್ರಶ್ನೆ, ಅದೇ ಉತ್ತರ. ಕ್ಲಿನಿಕ್ಕಿನ ವೀಸಾ ಕೇಳಿದರೆ ಕೆಲಸವೇ ಹೋದೀತೆಂದು ಹೆದರಿದ್ದೆ ಎಂದು ಹೇಳಿಕೊಳ್ಳುತ್ತೇನೆ. ಅದೂ ಪೂರ್ತಿ ನಿಜವಲ್ಲ. ಕೇಳುವ ಗೋಜೇ ನನಗೆ ಬೇಡವಾಗಿತ್ತು.

ಕೊನೆಗೊಂದು ದಿನ ಕೇಳಿದೆ. ಮಂಗಳೂರಿನವರೇ ಆದ ಮ್ಯಾನೇಜರ್ ಕಂಪ್ಯೂಟರಿನಿಂದ ತಲೆ ಎತ್ತಲೂ ಇಲ್ಲ. "ಮಾಡಿಸುವಾ. ಇಷ್ಟು ವರ್ಷ ನೀವು ಕೇಳ್ಲೇ ಇಲ್ಲ ಅಲ್ವಾ ಮಾರಾಯ್ರೆ?"

ಊರಿಗೆ ಹೊರಡುವ ಮುಂಚೆ ಅಪ್ಪ ನನಗೊಂದು ಕುರ್ತಾ ಹೊಲಿದರು. ಜೀವಮಾನವೆಲ್ಲ ಅಳತೆ ತಪ್ಪದವರು. ಹಾಕಿಕೊಂಡು ನೋಡಿದರೆ ಇದರ ಬಲತೋಳು ಮಾತ್ರ ಎಡಕ್ಕಿಂತ ಒಂದಿಂಚು ಗಿಡ್ಡವಾಗಿತ್ತು. ಹತ್ತಿರ ಬಂದು ಭುಜದ ಹೊಲಿಗೆಯನ್ನು ಬೆರಳಿನಿಂದ ತಡವಿ ನೋಡಿ, "ಸರಿ ಉಂಟಾ?" ಎಂದು ಕೇಳಿದರು.

ಗಿಡ್ಡ ತೋಳನ್ನು ಮಣಿಕಟ್ಟಿನ ತನಕ ಎಳೆದು ಹಿಡಿದುಕೊಂಡು, "ಸರಿ ಉಂಟಪ್ಪ" ಎಂದೆ.