ಸಕ್ಕರೆಯನ್ನು ಮರಳು ಮಾಡಿದ ಮಿಸ್

ನಮ್ಮ ಮಿಸ್ ಉಡುತ್ತಿದ್ದ ಬಿಳಿ ಸೀರೆಗಳಲ್ಲಿ ಹೂವುಗಳು ವರ್ಷದಿಂದ ವರ್ಷಕ್ಕೆ ಹೆಚ್ಚುತ್ತಿದ್ದವು. ಲ್ಯಾಬಿನಲ್ಲಿ ಆ್ಯಸಿಡ್ ಸಿಡಿದು ಎಲ್ಲೆಲ್ಲಿ ತೂತು ಬೀಳುತ್ತಿತ್ತೋ ಅಲ್ಲೆಲ್ಲ ಅವರು ಭಾನುವಾರ ಕೂತು ಬಣ್ಣದ ದಾರದಲ್ಲಿ ಒಂದೊಂದು ಹೂವು ಹಾಕಿ ಮುಚ್ಚುತ್ತಿದ್ದರು. ಹೊಸ ಸೀರೆ ಬೋಳುಬೋಳಾಗಿರುತ್ತಿತ್ತು. ಹಳೆಯ ಸೀರೆ ಉಟ್ಟು ಬಂದ ದಿನ ಹುಡುಗಿಯರು "ಮಿಸ್, ಎಷ್ಟು ಚೆನ್ನಾಗಿದೆ, ಎಲ್ಲಿ ತಗೊಂಡ್ರಿ?" ಎಂದು ಕೇಳಿದರೆ, "ಸ್ವಲ್ಪ ಸಲ್ಫ್ಯೂರಿಕ್, ಸ್ವಲ್ಪ ನೈಟ್ರಿಕ್" ಎಂದು ಉತ್ತರಿಸಿ ಮುಂದೆ ಹೋಗುತ್ತಿದ್ದರು.

ಐವತ್ತರ ದಶಕದ ನಡುವಿನ ಮಾತು. ಮೈಸೂರಿನ ಒಂದು ಹೆಣ್ಣುಮಕ್ಕಳ ಕಾಲೇಜಿನಲ್ಲಿ ಅವರು ಕೆಮಿಸ್ಟ್ರಿ ಪಾಠ ಹೇಳುತ್ತಿದ್ದರು. ನಾನು ಅದೇ ತಾನೇ ಬಿ.ಎಸ್ಸಿ. ಮುಗಿಸಿ ಅವರ ಕೈಕೆಳಗೆ ಡೆಮಾನ್‌ಸ್ಟ್ರೇಟರ್ ಆಗಿ ಸೇರಿದ್ದೆ. ವಿಜ್ಞಾನದ ಮೇಲಿನ ಪ್ರೀತಿಯಿಂದ ಸೇರಿದೆ ಎಂದು ಬರೆದರೆ ಚೆನ್ನಾಗಿರುತ್ತದೆ. ನಿಜ ಹೇಳಬೇಕೆಂದರೆ ನನ್ನ ಮದುವೆ ಇನ್ನೂ ಗೊತ್ತಾಗಿರಲಿಲ್ಲ, ಮನೆಯಲ್ಲಿ ಕೂತು ಬಂದವರಿಗೆಲ್ಲ ಕಾಫಿ ಕೊಟ್ಟು ಬೇಸರವಾಗಿತ್ತು. ಮಿಸ್ಸಿಗೆ ಆಗ ನಲವತ್ತು ದಾಟಿತ್ತು. ಚಿಕ್ಕ ವಯಸ್ಸಿಗೇ ಗಂಡನನ್ನು ಕಳೆದುಕೊಂಡವರು. ಲಕ್ಷ್ಮೀಪುರಂನ ತವರುಮನೆಯಿಂದ ದಿನಾ ನಡೆದೇ ಬರುತ್ತಿದ್ದರು. ಅವರ ನಡಿಗೆಗೆ ಜೊತೆ ಕೊಡಲು ಹೋದರೆ ನಮಗೆ ಏದುಸಿರು ಬರುತ್ತಿತ್ತು.

ಅವರ ಕೈಯಲ್ಲಿ ಯಾವಾಗಲೂ ಮೂರಂತಸ್ತಿನ ಟಿಫಿನ್ ಕ್ಯಾರಿಯರ್. ಮೇಲಿನ ಡಬ್ಬಿಯಲ್ಲಿ ಊಟ. ಕೆಳಗಿನ ಎರಡರಲ್ಲೂ ಸೊಪ್ಪು. ಅದು ಸಾರಿಗೆ ಹಾಕುವ ಸೊಪ್ಪಲ್ಲ, ಮಧುನಾಶಿನಿ. ಚಾಮುಂಡಿ ಬೆಟ್ಟದ ತಪ್ಪಲಿನ ಕುರುಚಲಿನಲ್ಲಿ ಹಬ್ಬುವ ಬಳ್ಳಿ. ಎಲೆ ನೋಡಲು ಏನೇನೂ ವಿಶೇಷವಿಲ್ಲ. ಆದರೆ ಎರಡು ಎಲೆ ಅಗಿದು ಬಾಯಿಗೆ ಸಕ್ಕರೆ ಹಾಕಿಕೊಂಡರೆ ಗೊತ್ತಾಗುತ್ತದೆ ಅದರ ಪ್ರತಾಪ. ಸಕ್ಕರೆ ಮರಳಾಗುತ್ತದೆ. ಉಪ್ಪು ಉಪ್ಪಾಗಿಯೇ ಇರುತ್ತದೆ, ಹುಣಿಸೆ ಹುಳಿಯಾಗಿಯೇ ಇರುತ್ತದೆ, ಸಿಹಿ ಮಾತ್ರ ಎಲ್ಲಿಗೋ ಹೊರಟುಹೋಗುತ್ತದೆ. ಅರ್ಧ ಗಂಟೆ ಹೊತ್ತಿಗೆ ಏನೂ ಆಗದ ಹಾಗೆ ವಾಪಸು ಬರುತ್ತದೆ. ನಾನು ಮೊದಲ ಸಲ ಅಗಿದು ಒಂದು ಜಿಲೇಬಿ ತಿಂದಾಗ ಗೋಂದು ಹಚ್ಚಿದ ದಾರ ತಿಂದಂತಾಗಿ ಅಳುವೇ ಬಂದಿತ್ತು.

ಮಿಸ್ ಈ ಬಳ್ಳಿಯ ಹಿಂದೆ ಬಿದ್ದದ್ದಕ್ಕೆ ಕಾರಣವಿತ್ತು. ಅವರ ತಂದೆ ಅರಮನೆಯ ಕಚೇರಿಯಲ್ಲಿ ಕೆಲಸದಲ್ಲಿದ್ದವರು, ಸಕ್ಕರೆ ಕಾಯಿಲೆಯಲ್ಲಿ ಕಾಲು ಕಳೆದುಕೊಂಡು ತೀರಿಹೋದರು. ಕೊನೆಯ ದಿನಗಳಲ್ಲೂ ಹಾಸಿಗೆಯ ಕೆಳಗೆ ಬೆಲ್ಲ ಬಚ್ಚಿಟ್ಟುಕೊಳ್ಳುತ್ತಿದ್ದರಂತೆ. "ಅಪ್ಪನಿಗೆ ಗೊತ್ತಿರಲಿಲ್ಲ ಅಂತಲ್ಲ ಕಣೇ. ಡಾಕ್ಟ್ರು ಹೇಳಿದ್ದೆಲ್ಲ ಗೊತ್ತಿತ್ತು. ನಾಲಿಗೆ ಕೇಳ್ತಿರಲಿಲ್ಲ ಅಷ್ಟೇ" ಎಂದು ಒಮ್ಮೆ ಹೇಳಿದರು. ಎಲೆಯೊಳಗೆ ಸಿಹಿಯನ್ನು ಅಡಗಿಸುವ ವಸ್ತು ಯಾವುದೋ ಒಂದಿದೆ. ಅದನ್ನು ಶುದ್ಧವಾಗಿ ಬೇರೆ ಮಾಡಿ, ಅದು ನಾಲಿಗೆಗೆ ಏನು ಮಾಡುತ್ತದೆ, ಮೈಯೊಳಗೆ ಹೋದರೆ ಏನಾದರೂ ಮಾಡುತ್ತದೆಯೇ ಎಂದು ತಿಳಿಯಬೇಕು ಎಂಬುದು ಅವರ ಹಟ. ಎಲೆಯಿಂದ ಕಾಯಿಲೆ ವಾಸಿಯಾಗುತ್ತದೆ ಎಂದು ಯಾರಾದರೂ ಅವರ ಮುಂದೆ ಹೇಳಿದರೆ ಸಿಡಿದುಬೀಳುತ್ತಿದ್ದರು. "ಇಂಜೆಕ್ಷನ್ ಬಿಟ್ಟು ಸೊಪ್ಪು ತಿನ್ನಿ ಅಂತ ನಾನು ಹೇಳಿದ್ದು ಕೇಳಿದ್ದೀರಾ? ಮೊದಲು ನೋಡೋಣ, ಆಮೇಲೆ ಹೇಳೋಣ" ಎನ್ನುವುದು ಅವರ ಮಾತು. ಹಿಂದೆ ಯಾರೋ ಇಂಗ್ಲಿಷ್ ದೊರೆಗಳು ಇದನ್ನೆಲ್ಲ ಮಾಡಿದ್ದಾರಲ್ಲ ಎಂದು ಕೇಳಿದರೆ, "ಅವರ ಒಲೇಲಿ ಅವರು ಬೇಯಿಸಿದ್ರು. ನಮ್ಮ ಒಲೇಲಿ ನಾವು ಬೇಯಿಸಬಾರದಾ?" ಎನ್ನುತ್ತಿದ್ದರು.

ಆ ಒಲೆಗೆ ಇದ್ದದ್ದು ಒಂದೇ ಕೋಣೆ. ಸ್ಟೋರಿನ ಪಕ್ಕದ್ದು, ಒಂದು ಕಿಟಕಿ, ಒಂದು ನಲ್ಲಿ. ಅಲ್ಲಿ ಒಣಗಿದ ಎಲೆ ಪುಡಿ ಮಾಡಿ ಕುದಿಸಿ, ಸೋಸಿ, ಆ ಕಷಾಯಕ್ಕೆ ತೊಟ್ಟುತೊಟ್ಟಾಗಿ ಆ್ಯಸಿಡ್ ಬಿಡುತ್ತಿದ್ದರು. ಹಾಲು ಒಡೆದಂತೆ ಒಂದು ಗಸಿ ತಳಕ್ಕೆ ಕೂರುತ್ತಿತ್ತು. ಅದನ್ನು ತೊಳೆದು, ಸ್ಪಿರಿಟ್ಟಿನಲ್ಲಿ ಕರಗಿಸಿ, ಇದ್ದಿಲಿನಿಂದ ಬಣ್ಣ ತೆಗೆದು, ಮತ್ತೆ ಒಣಗಿಸಿದರೆ ಕೆನೆಬಣ್ಣದ ಪುಡಿ. ಪುಡಿ ಸರಿಯಾಗಿದೆಯೋ ಇಲ್ಲವೋ ಎಂದು ಹೇಳುವ ಯಂತ್ರ ನಮ್ಮಲ್ಲಿರಲಿಲ್ಲ. ಯಂತ್ರ ನಾವೇ. ಚಿಟಿಕೆ ಪುಡಿಯನ್ನು ಸೋಡಾ ಬೆರೆಸಿದ ನೀರಿನಲ್ಲಿ ಕರಗಿಸಿ ಹುಡುಗಿಯರಿಗೂ ನನಗೂ ಕುಡಿಸಿ, ಮೇಲೊಂದು ಚೂರು ಕಲ್ಲುಸಕ್ಕರೆ ಕೊಟ್ಟು, ಎದುರು ಕೂತು ನಮ್ಮ ಮುಖವನ್ನೇ ನೋಡುತ್ತಿದ್ದರು.

ಇಲ್ಲೇ ತೊಂದರೆ. ಒಂದೇ ಸೀಸೆಯ ನೀರು ಕುಡಿದು ಒಬ್ಬಳು "ಮರಳು ಮಿಸ್" ಎಂದರೆ ಇನ್ನೊಬ್ಬಳು "ಸಿಹಿ ಮಿಸ್" ಎನ್ನುತ್ತಿದ್ದಳು. ನಿನ್ನೆ ಮರಳು ಎಂದವಳೇ ಇವತ್ತು ಸಿಹಿ ಎನ್ನುವಳು. ಎಲೆ ಅಗಿದರೆ ಎಲ್ಲರಿಗೂ ಒಂದೇ ಫಲ, ಪುಡಿಗೆ ಬಂದರೆ ಹೀಗೆ. ಮಿಸ್ ಎಲೆ ಕೊಯ್ಯುವ ಕಾಲ ಬದಲಿಸಿದರು, ಆ್ಯಸಿಡ್ ಬದಲಿಸಿದರು, ಕೊನೆಗೆ ನಲ್ಲಿಯ ನೀರನ್ನೂ ಅನುಮಾನಿಸಿ ಬಾವಿಯ ನೀರು ತರಿಸಿದರು. ನಾನು ಹುಡುಗಿಯರೇ ಸುಳ್ಳು ಹೇಳುತ್ತಿದ್ದಾರೆ ಎಂದೆ. "ನಾಲಿಗೆ ಸುಳ್ಳು ಹೇಳಲ್ಲ ಕಣೇ. ನಾವು ಕೇಳ್ತಿರೋದೇ ಸರಿಯಿಲ್ಲ. ಎಲ್ಲಿ ತಪ್ಪಿದೆ ಅಂತ ಹೊಳೀತಿಲ್ಲ" ಎಂದರು.

ಇಷ್ಟರಲ್ಲಿ ಆಡಳಿತ ಮಂಡಳಿಗೆ ಒಂದು ಯೋಚನೆ ಬಂತು. ಹೆಣ್ಣುಮಕ್ಕಳ ಕಾಲೇಜೆಂದ ಮೇಲೆ ಅಡುಗೆ ತರಗತಿ ಬೇಡವೇ? ಜಾಗವೆಲ್ಲಿದೆ? ಸ್ಟೋರಿನ ಪಕ್ಕ ಒಂದು ಕೋಣೆ ಇದೆ, ನಲ್ಲಿಯೂ ಇದೆ, ಅಲ್ಲಿ ಯಾರೋ ಸೊಪ್ಪು ಬೇಯಿಸುತ್ತಾರಂತೆ! ಅಧ್ಯಕ್ಷರು ಮಂಡಿ ಮೊಹಲ್ಲಾದಲ್ಲಿ ಬೆಲ್ಲ-ಸಕ್ಕರೆಯ ಸಗಟು ವ್ಯಾಪಾರಿ. ಹಳ್ಳಿಯಿಂದ ಬಂದು ಸ್ವಂತ ದುಡಿಮೆಯಿಂದ ಮೇಲೆ ಬಂದ ಮನುಷ್ಯ. ಓದು ಕಡಿಮೆ, ಮಾತು ನೇರ. ಕಾಲೇಜಿಗೆ ಕೈಬಿಚ್ಚಿ ಕೊಡುತ್ತಿದ್ದರು. ಕೋಣೆಯಲ್ಲಿ ನಡೆಯುತ್ತಿರುವುದು ಕೆಲಸಕ್ಕೆ ಬರುವಂಥದ್ದೆಂದು ತೋರಿಸಿದರೆ ಸರಿ, ಇಲ್ಲದಿದ್ದರೆ ಖಾಲಿ ಮಾಡಿ ಎಂದು ಹೇಳಿಕಳುಹಿಸಿದರು. ಶುಕ್ರವಾರ ಬಂದು ನೋಡುತ್ತಾರಂತೆ.

"ಪುಡಿ ಬೇಡ ಮಿಸ್, ಎಲೇನೇ ಅಗಿಸಿಬಿಡೋಣ" ಎಂದು ನಾನು ಕಾಲು ಹಿಡಿಯುವುದೊಂದು ಬಾಕಿ. ಅವರು ಒಪ್ಪಲಿಲ್ಲ.

"ಎಲೆ ಕೆಲಸ ಮಾಡುತ್ತೆ ಅನ್ನೋದು ಬೆಟ್ಟದಲ್ಲಿ ಕುರಿ ಕಾಯೋರಿಗೂ ಗೊತ್ತು. ಅದಕ್ಕೆ ಕೋಣೆ ಯಾಕೆ ಬೇಕು ಅಂತ ಕೇಳಿದರೆ ನೀನು ಏನು ಹೇಳ್ತೀಯ? ಈ ಕೋಣೇಲಿ ನಾವು ಮಾಡಿದ್ದು ಪುಡಿ. ಅದನ್ನೇ ಕೊಡೋಣ."

"ಕೈಕೊಟ್ಟರೆ?"

"ಕೊಟ್ಟರೆ ಕೋಣೆ ಹೋಗುತ್ತೆ. ಸುಳ್ಳು ತೋರಿಸಿ ಉಳಿಸಿಕೊಂಡ ಕೋಣೇಲಿ ನನಗೆ ಕೆಲಸ ಮಾಡಕ್ಕೆ ಆಗಲ್ಲ."

ಶುಕ್ರವಾರ ಅಧ್ಯಕ್ಷರು ಬಂದರು, ಜೊತೆಗೆ ಮಂಡಳಿಯ ಸದಸ್ಯರಾದ ಒಬ್ಬ ಡಾಕ್ಟರು. ನಮ್ಮ ಪ್ರಿನ್ಸಿಪಾಲರು ಮೈಸೂರುಪಾಕು ತರಿಸಿ ತಟ್ಟೆಯಲ್ಲಿಟ್ಟಿದ್ದರು. ಹುಡುಗಿಯರು ಬಾಗಿಲಲ್ಲಿ ಒಬ್ಬರ ಹೆಗಲ ಮೇಲೊಬ್ಬರು ಇಣುಕುತ್ತಿದ್ದರು. ಮಿಸ್ ಎರಡು ಲೋಟಗಳಿಗೆ ಒಂದೇ ಸೀಸೆಯಿಂದ ನೀರು ಹಾಕಿ ಕೊಟ್ಟರು. ಡಾಕ್ಟರು ಔಷಧಿಯನ್ನು ಪರೀಕ್ಷಿಸುವವರಂತೆ ತುಟಿಗಿಟ್ಟು ಸ್ವಲ್ಪಸ್ವಲ್ಪ ಹೀರಿ ಬಾಯಲ್ಲೇ ಹೊರಳಿಸಿದರು. ಅಧ್ಯಕ್ಷರು ಮಾತ್ರ, ಎಂಜಲಾಗಬಾರದಲ್ಲ, ಲೋಟವನ್ನು ಗೇಣುದ್ದ ಮೇಲೆತ್ತಿ ತುಟಿಗೆ ಸೋಕಿಸದೆ ಗಟಗಟನೆ ಗಂಟಲಿಗೆ ಸುರಿದುಕೊಂಡರು. ಇಬ್ಬರೂ ಮೈಸೂರುಪಾಕು ಬಾಯಿಗೆ ಹಾಕಿಕೊಂಡರು.

ಅಧ್ಯಕ್ಷರು ಅಗಿದರು. ಇನ್ನೊಂದು ತುಂಡು ತೆಗೆದುಕೊಂಡು ಅದನ್ನೂ ಅಗಿದರು.

"ಸಿಹಿಯಾಗೇ ಅದಲ್ಲಮ್ಮಾ! ಚೆನ್ನಾಗದೆ. ಏನಾಯ್ತು ನಿಮ್ ಪುಡಿ?"

ಪ್ರಿನ್ಸಿಪಾಲರು ನೆಲ ನೋಡಿದರು. ಅದೇ ಹೊತ್ತಿಗೆ ಡಾಕ್ಟರು ಕರವಸ್ತ್ರ ಹುಡುಕಿಕೊಂಡು, "ಸಿಹಿಯೇ? ನನ್ನ ಬಾಯಲ್ಲಿ ಬರೀ ತುಪ್ಪ ಮತ್ತೆ ಹಿಟ್ಟು ಇದೆ ಸ್ವಾಮಿ!" ಎಂದರು.

ಮಿಸ್ ಒಬ್ಬರ ಮುಖ ನೋಡಿದರು, ಇನ್ನೊಬ್ಬರ ಮುಖ ನೋಡಿದರು. ಆಮೇಲೆ ಎರಡು ಲೋಟಗಳನ್ನು ನೋಡಿದರು. ನೋಡುತ್ತಾ ನೋಡುತ್ತಾ ನಕ್ಕುಬಿಟ್ಟರು. ಮಂಡಳಿಯ ಅಧ್ಯಕ್ಷರ ಎದುರಿಗೆ, ಅಂಥ ಗಳಿಗೆಯಲ್ಲಿ, ಬಾಯಿತುಂಬ ನಗು. ಇವರಿಗೆ ತಲೆ ಕೆಟ್ಟಿತು ಎಂದುಕೊಂಡೆ.

ನಮ್ಮ ಲ್ಯಾಬಿನಲ್ಲಿ ಇದ್ದದ್ದೂ ಒಂದೇ ಅಳತೆಗ್ಲಾಸು. ಒಬ್ಬರ ಎಂಜಲು ಒಬ್ಬರಿಗಾಗಬಾರದೆಂದು ನಾವೆಲ್ಲ ಅದನ್ನು ಎತ್ತಿಯೇ ಕುಡಿಯುತ್ತಿದ್ದೆವು. ಯಾರೂ ಹೇಳಿಕೊಟ್ಟದ್ದಲ್ಲ, ಯಾರಿಗೂ ವಿಚಿತ್ರವಾಗಿ ಕಂಡದ್ದೂ ಅಲ್ಲ. ಮಿಸ್ ಕೂಡ ಹಾಗೆಯೇ ಕುಡಿಯುತ್ತಿದ್ದರು. ಕಹಿಗೆ ಮುಖ ಸಿಂಡರಿಸಿ ಬಾಯಲ್ಲಿ ಇಟ್ಟುಕೊಂಡವಳಿಗೆ ಸಕ್ಕರೆ ಮರಳಾಗುತ್ತಿತ್ತು. ಬೇಗ ಮುಗಿಸೋಣವೆಂದು ಗಂಟಲಿಗೆ ಸುರಿದುಕೊಂಡವಳ ನಾಲಿಗೆಗೆ ಅದು ಸೋಕುತ್ತಲೇ ಇರಲಿಲ್ಲ. ಅಷ್ಟು ತಿಂಗಳು ಬೆಟ್ಟವನ್ನೂ ಆ್ಯಸಿಡ್ಡನ್ನೂ ಬಾವಿಯನ್ನೂ ಬೈದುಕೊಂಡಿದ್ದೆವು. ಪುಡಿಯಲ್ಲಿ ಏನೂ ತಪ್ಪಿರಲಿಲ್ಲ.

ಮಿಸ್ ನಗು ತಡೆದುಕೊಂಡು ಇನ್ನೊಂದು ಲೋಟ ತುಂಬಿಸಿದರು.

"ಸರ್, ಇನ್ನೊಂದೇ ಒಂದು ಸಲ. ಈ ಲೋಟ ನಿಮಗೇ, ಬೇರೆ ಯಾರೂ ಮುಟ್ಟಲ್ಲ. ನುಂಗಬೇಡಿ. ಊಟ ಆದಮೇಲೆ ಬಾಯಿ ಮುಕ್ಕಳಿಸ್ತೀರಲ್ಲ, ಹಾಗೆ ಮುಕ್ಕಳಿಸಿ."

"ಮುಕ್ಕಳ್ಸಿ ಉಗೀಬೇಕಾ? ಇಲ್ಲೇ?"

"ಇಲ್ಲೇ. ನಲ್ಲಿ ಇದೆ."

ಅಧ್ಯಕ್ಷರು ಅನುಮಾನದಿಂದಲೇ ಮುಕ್ಕಳಿಸಿದರು. ಕೆನ್ನೆ ಎರಡೂ ಉಬ್ಬಿದ್ದವು. ಉಗಿದು, ಮೈಸೂರುಪಾಕಿನ ದೊಡ್ಡ ತುಂಡೊಂದನ್ನು ಬಾಯಿಗೆ ಹಾಕಿಕೊಂಡ ಮನುಷ್ಯ ಹಾಗೇ ನಿಂತುಬಿಟ್ಟರು. ಅವರ ಮುಖವನ್ನು ನೆನೆಸಿಕೊಂಡರೆ ನನಗೆ ಈಗಲೂ ನಗು ಬರುತ್ತದೆ.

"ಅಯ್ಯಯ್ಯೋ! ಎಲ್ಲೋಯ್ತ್ರೀ ಸಿಹಿ? ಮಣ್ಣು ತಿಂದಂಗಾಯ್ತದಲ್ಲ!" ಕಲ್ಲುಸಕ್ಕರೆಯ ಡಬ್ಬಿಗೆ ತಾವೇ ಕೈಹಾಕಿ ಬಾಯಿಗೆಸೆದುಕೊಂಡರು. "ಇದೂ ಅಂಗೇ! ವರ್ಸಾನ್ಗಟ್ಲೆ ಬೆಲ್ಲ ಸಕ್ಕರೆ ಮಾರಿವ್ನಿ, ಇಂಥಾದ್ದು ಕಂಡಿಲ್ಲ ಕಣ್ರೀ. ನಮ್ ಯಾಪಾರಕ್ಕೇ ಕಲ್ಲಾಕ್ಬುಟ್ರಲ್ಲಮ್ಮಾ!"

ಬಾಗಿಲಲ್ಲಿ ಯಾರೋ ಮೊದಲು ಕಿಸಕ್ಕೆಂದರು. ಆಮೇಲೆ ಕೋಣೆಗೆ ಕೋಣೆಯೇ ನಕ್ಕಿತು. ಡಾಕ್ಟರಂತೂ ಕುರ್ಚಿ ಹಿಡಿದುಕೊಂಡು ನಗುತ್ತಿದ್ದರು. ಅವರು ಮಿಸ್ಸನ್ನು ಕೂಡಿಸಿಕೊಂಡು ಬಹಳ ಹೊತ್ತು ಪ್ರಶ್ನೆ ಕೇಳಿದರು. ಮಿಸ್ ಗೊತ್ತಿದ್ದುದಕ್ಕೆ ಗೊತ್ತು, ಗೊತ್ತಿಲ್ಲದ್ದಕ್ಕೆ ಗೊತ್ತಿಲ್ಲ ಎಂದು ಹೇಳುತ್ತಾ ಹೋದರು. ಅಧ್ಯಕ್ಷರಿಗೆ ಆ ಮಾತುಗಳು ಎಷ್ಟು ತಿಳಿದವೋ ಕಾಣೆ, ಆದರೆ ಮಧ್ಯೆ ಎದ್ದು ಹೋಗಲಿಲ್ಲ. ಸಿಹಿ ವಾಪಸು ಬಂದಿತೇ ಎಂದು ಆಗಾಗ ಒಂದು ಹರಳು ಬಾಯಿಗೆ ಹಾಕಿಕೊಂಡು ನೋಡುತ್ತಿದ್ದರು. ಹೊರಡುವಾಗ ಪ್ರಿನ್ಸಿಪಾಲರು ಮೆಲ್ಲಗೆ ಅಡುಗೆ ತರಗತಿಯ ಮಾತೆತ್ತಿದರು.

"ಅಡಿಗೆ ಕಲ್ಸೋಕೆ ಮನೇಲಿ ಅವ್ವಂದಿರವ್ರೆ. ಇದ್ನ ಕಲ್ಸೋಕೆ ಬೇರೆ ಯಾರವ್ರೆ? ಬುಡಿ, ಈ ರೂಮು ಇವ್ರಿಗೇ ಇರ್ಲಿ" ಎಂದು ಹೇಳಿ ಚಪ್ಪಲಿ ಮೆಟ್ಟಿಕೊಂಡರು.

ಅವರ ಗಾಡಿ ಗೇಟು ದಾಟುವವರೆಗೆ ಹುಡುಗಿಯರು ಹೇಗೋ ತಡೆದುಕೊಂಡಿದ್ದರು. ಆಮೇಲೆ ಎದ್ದ ಕೂಗು ಬೀದಿಯ ಕೊನೆಗೂ ಕೇಳಿಸಿರಬೇಕು. ಮಿಸ್ ಉಳಿದಿದ್ದ ಮೈಸೂರುಪಾಕನ್ನು ಎಲ್ಲರಿಗೂ ಹಂಚಿದರು. ಆ ದಿನ ಯಾರಿಗೂ ಪುಡಿ ಕೊಡಲಿಲ್ಲ. ಅಷ್ಟು ಸಿಹಿಯಾದ ಮೈಸೂರುಪಾಕನ್ನು ನಾನು ಮತ್ತೆ ತಿಂದಿಲ್ಲ.

ಸೋಮವಾರದಿಂದ ಒಬ್ಬೊಬ್ಬರಿಗೆ ಒಂದೊಂದು ಎಲೆಯ ದೊನ್ನೆ. ಎಂಜಲಿನ ಭಯವಿಲ್ಲದೆ ಬಾಯಲ್ಲಿಟ್ಟು ಮುಕ್ಕಳಿಸಿದ ಮೇಲೆ ನಮ್ಮ ನಾಲಿಗೆಗಳೆಲ್ಲ ಒಂದೇ ಮಾತು ಹೇಳತೊಡಗಿದವು. ಯಾವ ಗಸಿಯಲ್ಲಿ ಸತ್ವವಿದೆ, ಯಾವುದು ಬರೀ ಕಸ ಎಂದು ಬೇರೆ ಮಾಡಲು ಸಾಧ್ಯವಾಯಿತು. ವರ್ಷ ಕಳೆಯುವುದರಲ್ಲಿ ಪುಡಿ ಕೆನೆಬಣ್ಣ ಕಳೆದುಕೊಂಡು ಮಲ್ಲಿಗೆಯಷ್ಟು ಬೆಳ್ಳಗಾಯಿತು. ಮಿಸ್ ಬರೆದ ಪ್ರಬಂಧ ಅಚ್ಚಾಯಿತು. ಅದರ ಕೊನೆಯಲ್ಲಿ, ನಾಲಿಗೆ ಕೊಟ್ಟು ಸಹಕರಿಸಿದ್ದಕ್ಕೆಂದು, ನಮ್ಮೆಲ್ಲರ ಹೆಸರಿಗೂ ವಂದನೆ ಹೇಳಿದ್ದರು. ಅದನ್ನು ನೋಡಿ ನಮ್ಮ ತಂದೆ ಗಂಡು ಹುಡುಕುವುದನ್ನು ಸ್ವಲ್ಪ ದಿನ ನಿಲ್ಲಿಸಿ, ಎಂ.ಎಸ್ಸಿ. ಓದುತ್ತೀಯಾ ಎಂದು ಕೇಳಿದರು. ಓದಿದೆ. ಅದೇ ಕಾಲೇಜಿಗೆ ಲೆಕ್ಚರರ್ ಆಗಿ ವಾಪಸು ಬಂದೆ. ಇವತ್ತು ನಾನು ಏನಾಗಿದ್ದೇನೋ ಅದೆಲ್ಲ ಅವರು ಕೊಟ್ಟದ್ದು. ಇದನ್ನು ಸುತ್ತಿಬಳಸಿ ಹೇಳುವ ಅಗತ್ಯ ನನಗೆ ಕಾಣುವುದಿಲ್ಲ.

ಅರವತ್ತರ ದಶಕದ ಕೊನೆಯಲ್ಲಿ ಮಿಸ್ಸಿಗೆ ಹೊಟ್ಟೆಯ ಕಾಯಿಲೆ ಬಂತು. ಅದಕ್ಕೆ ಯಾವ ಬಳ್ಳಿಯಲ್ಲೂ ಮದ್ದಿಲ್ಲ ಎಂದು ಅವರಿಗೇ ಮೊದಲು ಗೊತ್ತಿತ್ತು. ಲಕ್ಷ್ಮೀಪುರಂನ ಮನೆಗೆ ನಾನು ನೋಡಲು ಹೋದಾಗ ದಿಂಬಿಗೆ ಒರಗಿ ಕೂತಿದ್ದರು. ಯೋಗಕ್ಷೇಮ ಕೇಳಲು ಬಿಡಲೇ ಇಲ್ಲ.

"ಕೋಣೆ ಹೇಗಿದೆ?"

"ಗೋಡೆ ಒಡೆದು ಸ್ಟೋರನ್ನೂ ಸೇರಿಸಿಕೊಂಡ್ವಿ ಮಿಸ್. ಆದರೂ ಸಾಲ್ತಿಲ್ಲ. ಹುಡುಗೀರು ಜಾಗಕ್ಕೆ ಕಾದು ನಿಲ್ತಾರೆ."

"ಕಾಯ್ತಾರಾ!" ಎಂದು ಕಣ್ಣರಳಿಸಿದರು. ಬತ್ತಿದ ಮುಖದಲ್ಲಿ ಆ ಶುಕ್ರವಾರದ ನಗುವೇ ಬಂತು. "ಮತ್ತೆ ನೀನು ಇಲ್ಲೇನು ಮಾಡ್ತಿದ್ದೀಯೆ? ಹೋಗು, ಹೋಗಿ ಬಾಗಿಲು ತೆಗಿ."

ಅದಾದ ಕೆಲವೇ ದಿನಗಳಲ್ಲಿ ಅವರು ಹೋದರು. ಗೌರವಕ್ಕೆಂದು ಕಾಲೇಜಿಗೆ ರಜೆ ಕೊಟ್ಟರು. ನಾನು ಸಂಸ್ಕಾರ ಮುಗಿಸಿಕೊಂಡು, ಸ್ನಾನ ಮಾಡಿ, ಬೀಗದ ಕೈ ತೆಗೆದುಕೊಂಡು ನೇರ ಕಾಲೇಜಿಗೆ ಹೋದೆ. ಹುಡುಗಿಯರು ಆಗಲೇ ಬಂದು ಬಾಗಿಲ ಮುಂದೆ ನಿಂತಿದ್ದರು. ಯಾರೂ ಅವರನ್ನು ಬರಹೇಳಿರಲಿಲ್ಲ. ಬಾಗಿಲು ತೆಗೆದೆ, ಎಲ್ಲರೂ ಒಳಗೆ ಬಂದು ಬರ್ನರ್ ಹಚ್ಚಿದರು.