ವಲ್ಲಿಯ ಕೆಳಗಿನ ಬೆಲೆ

ಮೊನ್ನೆಯ ಮಳೆಗೆ ಜಗಲಿಯ ಮೇಲಿದ್ದ ಹಳೆಯ ಕಂಬಳಿ ನೆನೆಯಿತು. ಒದ್ದೆ ಉಣ್ಣೆಯ ವಾಸನೆ, ಅದರ ಜೊತೆಗೆ ನೂಲಿಗೆ ಹಚ್ಚಿದ್ದ ಹುಣಸೆಬೀಜದ ಗಂಜಿಯ ಕಮಟು ಮನೆಯೆಲ್ಲ ತುಂಬಿತು. ಸೊಸೆ ಮೂಗು ಮುಚ್ಚಿಕೊಂಡಳು. ನನಗೆ ಮಾತ್ರ ಪಕ್ಕದ ಮನೆಯ ದೊಡ್ಡವ್ವ ಬಂದು ಎದುರಿಗೆ ಕೂತ ಹಾಗಾಯಿತು...

ನಾನು ದೊಡ್ಡಉಳ್ಳಾರ್ತಿಗೆ ಸೊಸೆಯಾಗಿ ಬಂದಾಗ ಆಕೆಯ ಗಂಡ ಇನ್ನೂ ಇದ್ದರು. ಅವರ ಹಿತ್ತಿಲಲ್ಲಿ ಮಗ್ಗಗಳಿದ್ದವು, ಊರಿನ ಎರಡು ಮನೆಯವರು ಅವನ್ನೇ ನಂಬಿ ಕೂಲಿಗೆ ನೇಯುತ್ತಿದ್ದರು. ಆಕೆಯ ಗಂಡ ಕಂಬಳಿಗಳನ್ನು ಗಾಡಿಗೆ ಹೇರಿ ಚಳ್ಳಕೆರೆ ಸಂತೆಗೆ ಹೋಗುತ್ತಿದ್ದರು. ನಾನು ದೊಡ್ಡವ್ವನ ಜೊತೆ ಕೂತು ಉಣ್ಣೆ ನೂಲುತ್ತಿದ್ದೆ. ಮಾರಿ ಬಂದದ್ದೆಲ್ಲ ನಮ್ಮದಲ್ಲ ಎಂದು ಆಕೆ ಯಾವಾಗಲೂ ಹೇಳುವಳು. ಉಣ್ಣೆಯದು ಉಣ್ಣೆಗೆ, ಕೂಲಿಯದು ಕೂಲಿಗೆ ಹೋಗಬೇಕು, ಗಂಜಿ ಕಾಸಿದ ಸೌದೆಯೂ ತನ್ನ ಪಾಲು ಕೇಳುತ್ತದೆ, ಆಮೇಲೆ ಮಿಕ್ಕರೆ ಮನೆಗೆ. ಅದನ್ನು ಮರೆತವರು ಮುಂದಿನ ವರ್ಷ ಉಣ್ಣೆ ಕೊಳ್ಳಲಾರರು ಅನ್ನುವಳು.

ಪ್ಲೇಗಿನಲ್ಲಿ ಆಕೆಯ ಗಂಡ ಹೋದರು. ಮಕ್ಕಳಿರಲಿಲ್ಲ. ಸಂತೆಗೆ ಆಕೆಯ ಮೈದುನ ಹೋಗತೊಡಗಿದ. ಊರಿಗೆ ಉಪಕಾರಿ, ಮನೆಗೆ ಮಾರಿ, ಅಂಥವನು. ಆಗ ಸಂತೆಯಲ್ಲಿ ಬೆಲೆಯನ್ನು ಯಾರೂ ಬಾಯಿಬಿಟ್ಟು ಹೇಳುತ್ತಿರಲಿಲ್ಲ. ಕೊಳ್ಳುವವನು, ಮಾರುವವನು ಹೆಗಲ ವಲ್ಲಿಯನ್ನು ಕೈಮೇಲೆ ಹೊದ್ದು, ಅದರ ಕೆಳಗೆ ಒಬ್ಬರ ಬೆರಳು ಒಬ್ಬರು ಹಿಡಿದು ಬೆಲೆ ಕುದುರಿಸುತ್ತಿದ್ದರು. ಕುದುರಿದ್ದು ಎಷ್ಟಕ್ಕೆಂದು ಆ ಇಬ್ಬರಿಗೆ ಬಿಟ್ಟರೆ ದೇವರಿಗೇ ಗೊತ್ತು. ಮೈದುನ ಬಂದು ಹೇಳಿದ್ದೇ ಬೆಲೆ. ಸಂತೆ ಸಂತೆಗೂ ಅದು ಇಳಿಯುತ್ತಾ ಬಂದು, ಕಡೆಗೆ ನೇಯುವವರ ಕೂಲಿಗೂ ಸಾಲದಾಯಿತು. ನಿನ್ನ ಕೈಲಿ ಆಗೋದಿಲ್ಲ, ಮಗ್ಗ ನನಗೆ ಬಿಡು ಎಂದ ಪುಣ್ಯಾತ್ಮ! ಈ ಸಲದ ಕಂಬಳಿ ನಾನೇ ಮಾರುತ್ತೇನೆ, ಆಗದಿದ್ದರೆ ಮಗ್ಗ ನಿನ್ನದು ಎಂದಳು ದೊಡ್ಡವ್ವ.

ಜೊತೆಗೆ ನಾನೂ ಹೋದೆ. ಬಳ್ಳಾರಿ ಕಡೆಯಿಂದ ಕೊಳ್ಳಲು ಬರುತ್ತಿದ್ದ ವ್ಯಾಪಾರಿ ಸಾಹೇಬರೊಬ್ಬರು ಆಕೆಯ ಗಂಡನ ಹಳೆಯ ಗಿರಾಕಿ. ಕಂಬಳಿ ಬಿಡಿಸಿ, ಬೆಳಕಿಗೆ ಹಿಡಿದು ನೋಡಿ ಮೆಚ್ಚಿದರು. ಅಭ್ಯಾಸಬಲದಿಂದ ಹೆಗಲ ವಲ್ಲಿಗೆ ಕೈ ಹಾಕಿದವರು ಹಾಗೇ ನಿಂತುಬಿಟ್ಟರು.

"ಅಮ್ಮಾ, ನಿಮ್ಮ ಕೈ ನಾನು ಹೆಂಗೆ ಹಿಡೀಲಿ? ನಾಳೆ ಊರಾಗೆ ನಿಮಗೆ ನೀರೂ ಹುಟ್ಟಾದಿಲ್ಲ."

ಸುತ್ತಲಿನ ಗಂಡಸರೆಲ್ಲ ನಮ್ಮ ಕಡೆಗೇ ನೋಡುತ್ತಿದ್ದರು. ದೊಡ್ಡವ್ವ ಸೆರಗು ಬಿಗಿದುಕೊಂಡಳು.

"ಹಂಗಾದ್ರೆ ಬಾಯಾಗೇ ಹೇಳ್ತೀನಿ, ಕೇಳ್ರಿ. ಜೋಡಿಗೆ ಐದು ರೂಪಾಯಿ. ಅದಕ್ಕಿಂತ ಕಮ್ಮಿಗೆ ನನಗೆ ಗಿಟ್ಟಾದಿಲ್ಲ."

ಅಷ್ಟೇ. ಆಕೆಯ ಕಡೆಯ ಬೆಲೆ ಇಡೀ ಸಾಲಿಗೆ ಗೊತ್ತಾಗಿಹೋಯಿತು. ಅಕ್ಕಪಕ್ಕದ ಮಾರುವವರು ತಮ್ಮ ತಮ್ಮ ವಲ್ಲಿಯ ಕೆಳಗೆ ಅದಕ್ಕಿಂತ ಒಂದಾಣೆ ಎರಡಾಣೆ ಇಳಿಸಿ ಮಾರಿಕೊಂಡರು. ಸಾಹೇಬರೂ ಕಂಬಳಿ ಮಡಿಸಿಟ್ಟು, ಅಗ್ಗಕ್ಕೆ ಸಿಗುವ ಅತ್ತ ನಡೆದರು. ಅವರದೂ ವ್ಯಾಪಾರವೇ ತಾನೇ. ಹೇರಿಕೊಂಡು ಹೋದದ್ದನ್ನೆಲ್ಲ ಹೇರಿಕೊಂಡು ಬಂದೆವು.

ಮರುವಾರ ಹೋದರೆ, "ಐದ್ರೂಪಾಯಿ ಬಂತು ನೋಡ್ರಲೇ" ಎಂದು ಯಾರೋ ನಕ್ಕರು. ಬಾಯಿದ್ದವರು ಬರಗಾಲದಲ್ಲೂ ಬದುಕುತ್ತಾರಂತೆ. ಈಕೆಗೆ ಬಾಯಿಯೇ ಮುಳುವಾಯಿತು. ಮಾರದ ಕಂಬಳಿಗೆ ನುಸಿ ಹಿಡಿಯಿತು, ಕೂಲಿ ಸಿಗದ ನೇಯುವವರು ಅಂಗಳದಲ್ಲಿ ಬಂದು ಕೂತರು. ಮಗ್ಗಗಳು ಮೈದುನನ ಹಿತ್ತಿಲಿಗೆ ಹೋದವು. ಮಗ್ಗದ ಹಿಂದೆ ದೊಡ್ಡವ್ವನೂ ಹೋದಳು, ದಿನಗೂಲಿಗೆ ಉಣ್ಣೆ ನೂಲಲು.

ಒಂದು ದಿನ ಸಂಕಟ ತಡೆಯದೆ ಕೇಳಿಬಿಟ್ಟೆ. ಎಲ್ಲರ ಹಾಗೆ ಮೊದಲು ಏಳೋ ಎಂಟೋ ಹೇಳಿ, ಆಮೇಲೆ ಇಳಿಯಬಾರದಾಗಿತ್ತೇ ಎಂದು. ಆಕೆ ನೂಲಿನಿಂದ ಕಣ್ಣು ತೆಗೆಯಲಿಲ್ಲ.

"ಸುಳ್ಳು ಬೆಲೆ ಹೇಳಾಕೆ ವಲ್ಲಿ ಮರೆ ಬೇಕು ಕಣವ್ವ. ಬಯಲಾಗೆ ನಾಲಿಗೆ ಏಳಲಿಲ್ಲ."

ಆಮೇಲೆ ಆ ಮಾತು ನಮ್ಮಿಬ್ಬರ ನಡುವೆ ಬರಲಿಲ್ಲ. ಆಕೆಯ ಬೆನ್ನು ಬಾಗಿತು, ಕಣ್ಣು ಮಂಜಾಯಿತು... ಒಂದು ಚಳಿಗಾಲ ಮೈದುನನ ದನದ ಕೊಟ್ಟಿಗೆಯ ಪಕ್ಕದ ಕೋಣೆಯಲ್ಲಿ ಹೋಗಿಬಿಟ್ಟಳು. ಮಣ್ಣಿಗೆ ಹೋದವರು ನಾವು ನಾಲ್ಕು ಜನ.

ಈಗ ಚಳ್ಳಕೆರೆಯಲ್ಲಿ ಮಾಲನ್ನು ಕೂಗಿಯೇ ಹರಾಜು ಹಾಕುತ್ತಾರೆ. ಹೆಂಗಸರೂ ಹೋಗಿ, ಇಷ್ಟು ಕೊಟ್ಟರೆ ಕೊಟ್ಟೆ ಎಂದು ಗಟ್ಟಿಯಾಗಿ ಹೇಳಿ ಬರುತ್ತಾರೆ. ಯಾರೂ ತಿರುಗಿ ನೋಡುವುದಿಲ್ಲ. ಕೇಳಿದಾಗಲೆಲ್ಲ ನನಗೆ ಆ ಐದು ರೂಪಾಯಿ ನೆನಪಾಗುತ್ತದೆ. ಮೊದಲು ಹೇಳಿದವಳು ದೊಡ್ಡವ್ವ, ಆಕೆಯಿಂದಲೇ ಇದೆಲ್ಲ ಆಯಿತು ಎಂದುಕೊಳ್ಳುವಂತಿದ್ದರೆ ಸಮಾಧಾನವಾಗುತ್ತಿತ್ತೇನೋ. ಆಕೆಯಿಂದ ಏನೂ ಆಗಲಿಲ್ಲ. ಎಲ್ಲ ತನ್ನ ಪಾಡಿಗೆ ತಾನು ಬದಲಾಯಿತು, ಆಕೆ ಹೋಗಿ ಎಷ್ಟೋ ವರ್ಷಗಳಾದ ಮೇಲೆ.